ನಾಲಿಗೆಯ ‘ಜುಮ್ಮಿ’ಗೂ ಉಂಟು ಅಳತೆಗೋಲು

ಕರಾವಳಿಯ ಮನೆಗಳಲ್ಲಿ ಬಂಗುಡೆ ಸಾರಿಗೆ ನಾಲ್ಕಾರು ಜುಮ್ಮನಕಾಯಿ ಹಾಕುವುದು ವಾಡಿಕೆ. ಕೊಂಕಣಿ ಮನೆಗಳಲ್ಲಿ ಇದು ತೆಪ್ಪಳ. ಊಟಕ್ಕೆ ಕುಳಿತ ಮಗು ಅರಿಯದೆ ಒಂದನ್ನು ಕಚ್ಚಿತೋ, ತುಟಿಯ ಮೇಲೆ ಇರುವೆ ಹರಿದಂತೆ ‘ಜುಮ್’ ಎನ್ನತೊಡಗುತ್ತದೆ. ಸ್ವಲ್ಪ ಹೊತ್ತಿಗೆ ನಾಲಿಗೆ ಮರಗಟ್ಟುತ್ತದೆ. ಹೆಸರಿಗೆ ತಕ್ಕ ಗುಣ!

ಇದೇ ಕುಲದ ಮತ್ತೊಂದು ಗಿಡ ಚೀನಾದ ಸಿಚುವಾನ್ ಪ್ರಾಂತ್ಯದ ಅಡುಗೆಯ ಜೀವಾಳ. ಅಲ್ಲಿ ಇದರ ಹೆಸರು ‘ಹ್ವಾಜ್ಯಾವೊ’, ಅಂದರೆ ಹೂಮೆಣಸು. ಹೆಸರಿನಲ್ಲಿ ಮೆಣಸು ಇದ್ದರೂ ಇದು ನಮ್ಮ ಕಾಳುಮೆಣಸಿನ ಬಳಗವಲ್ಲ. ನಿಂಬೆ, ಕಿತ್ತಳೆಗಳ ಕುಟುಂಬಕ್ಕೆ ಸೇರಿದ್ದು. ಸಿಚುವಾನಿನ ಹಾನ್‌ಯುವಾನ್ ಪ್ರದೇಶದ ಹೂಮೆಣಸು ಹಿಂದೆ ಅರಮನೆಗೆ ಕಾಣಿಕೆಯಾಗಿ ಹೋಗುತ್ತಿತ್ತು. ಇಂಥ ಹೆಸರುವಾಸಿ ಸರಕಿಗೆ ಒಳ್ಳೆಯ ಬೆಲೆ. ಬೆಲೆ ಇದ್ದ ಕಡೆ ಬೆರಕೆಯೂ ಇದ್ದದ್ದೇ. ಹಾಗಾದರೆ ಅಸಲಿ ಯಾವುದು, ಉತ್ತಮ ಯಾವುದು ಎಂದು ಹೇಳುವುದು ಹೇಗೆ?

ನಾಲಿಗೆ ಸೋಲುವಲ್ಲಿ

ರುಚಿ ನೋಡಿ ಹೇಳಬಹುದಲ್ಲ ಎನಿಸಬಹುದು. ತೊಡಕಿರುವುದು ಅಲ್ಲೇ. ಮೊದಲ ಮಾದರಿಯನ್ನು ಬಾಯಿಗೆ ಹಾಕುತ್ತಲೇ ನಾಲಿಗೆ ಮರಗಟ್ಟುತ್ತದೆ. ಎರಡನೆಯದರ ಬಗ್ಗೆ ಅದು ಕೊಡುವ ತೀರ್ಪನ್ನು ನಂಬುವುದು ಕಷ್ಟ.

ಈ ಜುಮ್ಮಿಗೆ ಕಾರಣ ‘ಸಾನ್‌ಶೂಲ್’ ಎಂಬ ರಾಸಾಯನಿಕಗಳ ಗುಂಪು. ಜಪಾನಿನ ‘ಸಾನ್‌ಶೋ’ ಎಂಬ ಇದೇ ಜಾತಿಯ ಮಸಾಲೆಯಿಂದ ಈ ಹೆಸರು ಬಂದಿದೆ. ಇವುಗಳಲ್ಲಿ ಮುಖ್ಯವಾದದ್ದು ಹೈಡ್ರಾಕ್ಸಿ ಆಲ್ಫಾ ಸಾನ್‌ಶೂಲ್. ಇದು ರುಚಿಯನ್ನಲ್ಲ, ಸ್ಪರ್ಶವನ್ನು ತಿಳಿಸುವ ನರಗಳನ್ನು ಕೆರಳಿಸುತ್ತದೆ. 2013ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಹೂಮೆಣಸು ಸವರಿದ ತುಟಿಯ ಅನುಭವವನ್ನು ಬೆರಳಿಗೆ ಕೊಟ್ಟ ಯಾಂತ್ರಿಕ ಕಂಪನದೊಂದಿಗೆ ಹೋಲಿಸಿ ನೋಡಿದರು. ತುಟಿಯ ಜುಮ್ಮು ಸೆಕೆಂಡಿಗೆ ಸುಮಾರು 50 ಸಲ ಕಂಪಿಸಿದಂತಿತ್ತು!

ಸಾನ್‌ಶೂಲನ್ನು ಅಳೆಯಲು ಸಿಪ್ಪೆಯ ಪುಡಿಯನ್ನು ಮೆಥನಾಲಿನಂಥ ದ್ರಾವಕದಲ್ಲಿ ನೆನೆಸಿ ಸಾರ ತೆಗೆಯುತ್ತಾರೆ. ಸಾರವನ್ನು ಒತ್ತಡದಿಂದ ಒಂದು ಕಿರಿದಾದ ಕೊಳವೆಯ ಮೂಲಕ ಹಾಯಿಸಿದರೆ, ಅದರಲ್ಲಿನ ಘಟಕಗಳು ಒಂದೊಂದಾಗಿ ಬೇರೆ ಬೇರೆ ಹೊತ್ತಿಗೆ ಹೊರಬರುತ್ತವೆ. ಇದೇ ದ್ರವ ಕ್ರೊಮಾಟೋಗ್ರಫಿ. ಸಾನ್‌ಶೂಲ್ ಸುಮಾರು 270 ನ್ಯಾನೊಮೀಟರ್ ತರಂಗಾಂತರದ ಅತಿನೇರಳೆ ಕಿರಣವನ್ನು ಚೆನ್ನಾಗಿ ಹೀರುತ್ತದೆ. ಎಷ್ಟು ಹೀರಿತು ಎಂಬುದರಿಂದ ಎಷ್ಟಿದೆ ಎಂಬ ಲೆಕ್ಕ ಸಿಗುತ್ತದೆ. ಆದರೆ ಇದು ಬಲು ನಾಜೂಕಿನ ವಸ್ತು. ಬೆಳಕು, ಗಾಳಿ, ಬಿಸಿಗೆ ಸಿಕ್ಕರೆ ಕೆಡುತ್ತದೆ. ಹಳೆಯ ಸರಕು ಸಪ್ಪೆಯಾಗುವುದು ಇದರಿಂದಲೇ.

ನೀರೆಷ್ಟು, ಎಣ್ಣೆಯೆಷ್ಟು?

ಜುಮ್ಮಿನಷ್ಟೇ ಮುಖ್ಯ ಪರಿಮಳ. ಪರಿಮಳ ಕೊಡುವ ಘಟಕಗಳಲ್ಲಿ ಲಿನಲೂಲ್, ಲಿಮೊನೀನ್ ಪ್ರಮುಖ. ಮೊದಲನೆಯದು ಕೊತ್ತಂಬರಿ ಬೀಜದಲ್ಲಿ, ಎರಡನೆಯದು ಕಿತ್ತಳೆ ಸಿಪ್ಪೆಯಲ್ಲಿ ಹೇರಳ. ಪುಡಿಯನ್ನು ನೀರಿನೊಂದಿಗೆ ಕುದಿಸಿ, ಆವಿಯನ್ನು ತಣಿಸಿದರೆ ಎಣ್ಣೆ ನೀರಿನ ಮೇಲೆ ತೇಲುತ್ತದೆ. ಗುರುತು ಹಾಕಿದ ಗಾಜಿನ ನಳಿಕೆಯಲ್ಲಿ ಅದನ್ನು ಅಳೆಯುತ್ತಾರೆ.

ತೇವಾಂಶ ಹೆಚ್ಚಿದ್ದರೆ ಬೂಷ್ಟು ಹಿಡಿಯುತ್ತದೆ, ತೂಕದಲ್ಲೂ ಮೋಸ. ಒಲೆಯಲ್ಲಿಟ್ಟು ಒಣಗಿಸಿ, ತಗ್ಗಿದ ತೂಕವೇ ನೀರು ಎನ್ನೋಣವೇ? ಇಲ್ಲಿ ಆ ಲೆಕ್ಕ ತಪ್ಪುತ್ತದೆ. ನೀರಿನ ಜೊತೆ ಸುಗಂಧ ತೈಲವೂ ಹಾರಿಹೋಗಿರುತ್ತದೆ! ಅದಕ್ಕೆ ಪುಡಿಯನ್ನು ಟೊಲುಯೀನ್ ಎಂಬ ದ್ರವದಲ್ಲಿ ಕುದಿಸುತ್ತಾರೆ. ಆವಿ ತಣಿದಾಗ ಎಣ್ಣೆ ಟೊಲುಯೀನಿನಲ್ಲಿ ಕರಗಿ ಉಳಿಯುತ್ತದೆ; ಅದರೊಡನೆ ಬೆರೆಯದ ನೀರು ಮಾತ್ರ ತಳಕ್ಕೆ ಇಳಿಯುತ್ತದೆ. ಅಳೆಯುವ ವಸ್ತುವಿನ ಗುಣವರಿತು ವಿಧಾನವನ್ನು ಆರಿಸಬೇಕೆಂಬುದಕ್ಕೆ ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಕೊನೆಗೆ ಸುಟ್ಟು ಬೂದಿ ಮಾಡಿ ಅದಕ್ಕೆ ಆಮ್ಲ ಹಾಕುತ್ತಾರೆ. ಕರಗದೆ ಉಳಿದದ್ದು ಹೆಚ್ಚಿದ್ದರೆ ಮರಳು-ಮಣ್ಣು ಸೇರಿದೆ ಎಂದರ್ಥ.

ಕೆಂಪೆಲ್ಲ ಒಳ್ಳೆಯದಲ್ಲ

ಒಳ್ಳೆಯ ಹೂಮೆಣಸಿನ ಸಿಪ್ಪೆ ಕೆಂಪಗಿರುತ್ತದೆ. ಕೊಳ್ಳುವವರ ಕಣ್ಣು ಮೊದಲು ಹೋಗುವುದೂ ಬಣ್ಣಕ್ಕೇ. ಇದನ್ನರಿತ ಕೆಲವರು ಹಳೆಯ ಸರಕಿಗೆ ರೊಡಮೈನ್-ಬಿ ಬಳಿದು ಮಾರಿದ ಪ್ರಕರಣಗಳು ಚೀನಾದಲ್ಲಿ ವರದಿಯಾಗಿವೆ. ಇದು ಬಟ್ಟೆ, ಕಾಗದಗಳಿಗೆ ಬಳಸುವ ಬಣ್ಣ, ಆಹಾರದಲ್ಲಿ ಸಲ್ಲದು. ಕರ್ನಾಟಕದಲ್ಲೂ ಈ ಹೆಸರು ಅಪರಿಚಿತವಲ್ಲ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿ, ಕಾಟನ್ ಕ್ಯಾಂಡಿಗಳಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿದಾಗ ಚರ್ಚೆಯಾದದ್ದೂ ಇದೇ ರೊಡಮೈನ್-ಬಿ.

ಮನೆಯಲ್ಲಿ ಕ್ರೊಮಾಟೋಗ್ರಫಿ ಯಂತ್ರ ಇರುವುದಿಲ್ಲ, ನಿಜ. ಆದರೂ ಸಿಪ್ಪೆ ಬಾಯಿ ಬಿರಿದಿದೆಯೇ, ಒಳಗಿನ ಕಪ್ಪು ಬೀಜ, ಕಡ್ಡಿ-ಕಸ ಹೆಚ್ಚಿದೆಯೇ ಎಂದು ನೋಡಬಹುದು. ಬೆರಳಲ್ಲಿ ಹೊಸಕಿ ನಿಂಬೆಯಂಥ ಕಂಪು ಬರುತ್ತದೆಯೇ ಎಂದು ಮೂಸಬಹುದು. ಬೇಕಾದಷ್ಟೇ ಕೊಂಡು, ಗಾಳಿಯಾಡದ ಡಬ್ಬಿಯಲ್ಲಿ, ಕತ್ತಲಲ್ಲಿ ಇಡಬಹುದು. ಕಣ್ಣು ಸೆಳೆಯುವ ಬಣ್ಣ ಕಂಡಾಗ ‘ಇದು ಗಿಡದ್ದೋ, ಡಬ್ಬಿಯದ್ದೋ?’ ಎಂದು ಮಕ್ಕಳು ಕೇಳುವಂತಾದರೆ, ವಿಜ್ಞಾನದ ಪಾಠ ಅಡುಗೆಮನೆಯನ್ನು ತಲುಪಿತೆಂದೇ ಲೆಕ್ಕ.