ಭಾನುವಾರದ ಗಗನನೌಕೆ

ಇನ್ನೂ ಸಂಭವಿಸದಿದ್ದರೂ ವಿಜ್ಞಾನದ ತರ್ಕಕ್ಕೆ ಒಪ್ಪುವಂತೆ ಕಲ್ಪಿಸಿಕೊಂಡ ಸಂಗತಿಗಳನ್ನು, ಅಂದರೆ ಅನ್ಯಗ್ರಹಗಳ ಪಯಣ, ಕಾಲದಲ್ಲಿ ಹಿಂದುಮುಂದೆ ಚಲಿಸುವ ಯಂತ್ರ, ಮನುಷ್ಯನಂತೆ ಆಲೋಚಿಸುವ ರೋಬೋಟ್ ಮುಂತಾದವನ್ನು, ವಾರಕ್ಕೊಂದು ಕಂತಾಗಿ ಹೇಳುವ ಕಥನವೇ ವಿಜ್ಞಾನ ಧಾರಾವಾಹಿ. ಅರವತ್ತರಿಂದ ತೊಂಬತ್ತರ ದಶಕದವರೆಗೆ ಬಂದ ಇಂಥ ಧಾರಾವಾಹಿಗಳ ಬಗೆಗಿನ ಹಳಹಳಿಕೆ ಅಮೆರಿಕ, ಇಂಗ್ಲೆಂಡುಗಳಲ್ಲಿ ಒಂದು ಉದ್ಯಮವೇ ಆಗಿದ್ದು, ಅಲ್ಲಿ ಮುಪ್ಪಿನ ನಟನಟಿಯರು ಸಭಾಂಗಣಗಳಲ್ಲಿ ಕುಳಿತು ಹಸ್ತಾಕ್ಷರ ನೀಡುವುದನ್ನೂ ಅದಕ್ಕಾಗಿ ಅಭಿಮಾನಿಗಳು ಹಣ ತೆತ್ತು ಸಾಲು ನಿಲ್ಲುವುದನ್ನೂ ಕಾಣಬಹುದು. ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರುಗಳ ಸೀಮೆಯಲ್ಲಿ ಅಂಥ ಜಾತ್ರೆ ನೆರೆಯುವುದಿಲ್ಲವಾದರೂ, ಇಂದು ನಲವತ್ತೈದು ದಾಟಿದವರ ನೆನಪಿನಲ್ಲಿ ಅದೇ ಗಗನನೌಕೆಗಳು ಹಾರುತ್ತಿವೆ; ಅವು ಇಲ್ಲಿಗೆ ಬಂದ ದಾರಿಯಂತೂ ಅವು ಹೇಳಿದ ಕಥೆಗಳಿಗಿಂತ ವಿಚಿತ್ರವಾದದ್ದು.

ಆ ತಲೆಮಾರು ನೋಡಿದ ಮೊದಲ ಗಗನನೌಕೆ ಅಮೆರಿಕದ 'ಸ್ಟಾರ್ ಟ್ರೆಕ್'ನದು. 1966ರ ಸೆಪ್ಟೆಂಬರ್‌ನಲ್ಲಿ ಆರಂಭವಾಗಿ 79 ಕಂತುಗಳ ಬಳಿಕ 1969ರಲ್ಲಿ ನಿಂತುಹೋಗಿದ್ದ ಆ ಧಾರಾವಾಹಿಯನ್ನು ದೂರದರ್ಶನವು ಎಂಬತ್ತರ ದಶಕದ ನಡುವೆ ಭಾನುವಾರದ ಬೆಳಗಿನ ಹೊತ್ತು ಪ್ರಸಾರ ಮಾಡಿತು. ಜಪಾನಿನ 'ಜೈಂಟ್ ರೋಬೋಟ್' ಅದೇ ದಶಕದಲ್ಲಿ ಬಂತು. ದಶಕದ ಕೊನೆಗೆ ಭಾರತದ್ದೇ ಆದ 'ಸ್ಪೇಸ್ ಸಿಟಿ ಸಿಗ್ಮಾ' ಕ್ಯಾಪ್ಟನ್ ತಾರಾನನ್ನೂ ಜಖಾಕು ಎಂಬ ಖಳನನ್ನೂ ಕರೆತಂದರೆ, 1989ರ 'ಇಂದ್ರಧನುಷ್' ಮಕ್ಕಳ ಗುಂಪೊಂದರ ಕೈಗೆ ಕಂಪ್ಯೂಟರ್ ಕೊಟ್ಟು ಕಾಲಯಾನಕ್ಕೆ ಕಳಿಸಿತು. 1998ರಲ್ಲಿ ಕೇತನ್ ಮೆಹ್ತಾ ನಿರ್ದೇಶನದ 'ಕ್ಯಾಪ್ಟನ್ ವ್ಯೋಮ್' ಬರುವ ವೇಳೆಗೆ ಕೇಬಲ್ ತಂತಿ ಊರೂರಿಗೂ ಹಬ್ಬತೊಡಗಿ, ಎಲ್ಲರೂ ಒಂದೇ ಹೊತ್ತಿಗೆ ಒಂದನ್ನೇ ನೋಡುವ ಕಾಲ ಮುಗಿಯುತ್ತ ಬಂದಿತ್ತು.

ಈ ಧಾರಾವಾಹಿಗಳು ಇಲ್ಲಿಗೆ ತಲುಪಿದ ಕಥೆಯ ಬೇರು ಹುಡುಕಿದರೆ ಅದು 1945ರಲ್ಲಿ, ವಿಜ್ಞಾನ ಕಥೆಗಾರ ಆರ್ಥರ್ ಸಿ. ಕ್ಲಾರ್ಕ್ ಬರೆದ ಒಂದು ಲೇಖನದಲ್ಲಿ ಸಿಗುತ್ತದೆ. ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹವನ್ನಿಟ್ಟರೆ ಅದು ಭೂಮಿಯ ಜೊತೆಜೊತೆಗೇ ಸುತ್ತುತ್ತ, ನೆಲದ ಮೇಲಿನವರಿಗೆ ಒಂದೇ ಕಡೆ ನಿಂತಂತೆ ತೋರುತ್ತದೆ, ಹಾಗೆ ನಿಂತ ಮೂರು ಉಪಗ್ರಹಗಳು ಇಡೀ ಜಗತ್ತಿಗೆ ಪ್ರಸಾರ ಮಾಡಬಲ್ಲವು ಎಂದು ಅವರು ಸೂಚಿಸಿದ್ದರು. ಮೂವತ್ತು ವರ್ಷಗಳ ನಂತರ, 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಭಾರತವು ಅಮೆರಿಕದ ಎಟಿಎಸ್-6 ಎಂಬ ಅಂಥದೇ ಉಪಗ್ರಹವನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿ.ವಿ. ಕಾರ್ಯಕ್ರಮ ಕಳಿಸುವ 'ಸೈಟ್' ಪ್ರಯೋಗವನ್ನು ನಡೆಸಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ದುಕೊಂಡದ್ದು ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳನ್ನು. ಕಾರ್ಯಕ್ರಮಗಳ ನಾಲ್ಕು ಭಾಷೆಗಳಲ್ಲಿ ಕನ್ನಡವೂ ಒಂದಾಗಿತ್ತು. ಕೋಳಿಗೂಡಿಗೆ ಹೊದಿಸುವಂಥ ತಂತಿ ಜಾಲರಿಯಿಂದಲೇ ಮಾಡಿದ ಮೂರು ಮೀಟರ್ ಅಗಲದ ಬುಟ್ಟಿ ಆಂಟೆನಾ ಆಕಾಶಕ್ಕೆ ಮುಖಮಾಡಿ ನಿಂತಿರುತ್ತಿತ್ತು, ಬೆಳಗಿನ ಪ್ರಸಾರ ಶಾಲೆಯ ಮಕ್ಕಳಿಗೆ, ಸಂಜೆಯದು ಊರಿಗೆಲ್ಲ ಎಂದು ಹಂಚಿಕೆಯಾಗಿತ್ತು. ಕೊಲಂಬೊದಲ್ಲಿ ನೆಲೆಸಿದ್ದ ಕ್ಲಾರ್ಕ್ ಅವರ ಮನೆಯ ಮೇಲೂ ಇಸ್ರೋದ ಎಂಜಿನಿಯರುಗಳು ಒಂದು ಆಂಟೆನಾ ನಿಲ್ಲಿಸಿಕೊಟ್ಟಿದ್ದರಿಂದ, ತಾವು ಕಲ್ಪಿಸಿದ್ದು ನಿಜವಾಗುವುದನ್ನು ಆ ಕಥೆಗಾರರು ಮನೆಯಲ್ಲೇ ಕುಳಿತು ನೋಡುವಂತಾಯಿತು.

ಇಲ್ಲಿ ಭೂಗೋಳದ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕೊಪ್ಪಳ ಜಿಲ್ಲೆ 1997ರಲ್ಲಿ ರಚನೆಯಾಗುವವರೆಗೆ, ಹಂಪಿಯ ಎದುರು ದಡದ ಆನೆಗೊಂದಿಯೂ ಕಂಪ್ಲಿಯ ಸೇತುವೆಯಾಚೆಯ ಗಂಗಾವತಿ ತಾಲ್ಲೂಕೂ ರಾಯಚೂರು ಜಿಲ್ಲೆಗೆ ಸೇರಿದ್ದವು. ಹೊಸಪೇಟೆ, ಸಂಡೂರು, ಕಂಪ್ಲಿಗಳು ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಹೀಗಾಗಿ ತುಂಗಭದ್ರೆಯ ಉತ್ತರ ದಡದ ಜಿಲ್ಲೆ ಉಪಗ್ರಹದ ಟಿ.ವಿ. ಕಂಡಾಗ, ಅಣೆಕಟ್ಟು, ಗಣಿ, ಸಕ್ಕರೆಗಳಿಂದ ಮುಂದುವರಿದದ್ದೆಂದು ಹೆಸರಾಗಿದ್ದ ದಕ್ಷಿಣ ದಡದ ಜಿಲ್ಲೆ ಅದರಿಂದ ಹೊರಗೇ ಉಳಿದಿತ್ತು.

ದಕ್ಷಿಣ ದಡದ ಸರದಿ ಬಂದದ್ದು ಎಂಬತ್ತರ ದಶಕದಲ್ಲಿ, ಇನ್ನೊಂದು ಉಪಗ್ರಹದ ಮೂಲಕ. 1983ರ ಆಗಸ್ಟ್ 30ರಂದು ಅಮೆರಿಕದ ಚಾಲೆಂಜರ್ ನೌಕೆ ಹೊತ್ತೊಯ್ದ ಇನ್ಸಾಟ್-1ಬಿ ಉಪಗ್ರಹವು ದೆಹಲಿಯ ಕಾರ್ಯಕ್ರಮಗಳನ್ನು ದೇಶದ ಮೂಲೆಮೂಲೆಗೂ ಒಮ್ಮೆಗೇ ಇಳಿಸತೊಡಗಿತು. ಅದನ್ನು ಕಕ್ಷೆಯಲ್ಲಿ ಅಲುಗದಂತೆ ಕಾಯುತ್ತಿದ್ದುದು ಹಾಸನದ ಮುಖ್ಯ ನಿಯಂತ್ರಣ ಕೇಂದ್ರ. ಈ ಹಾರಾಟದ ತಂಡದಲ್ಲಿದ್ದ ಗೈಯನ್ ಬ್ಲೂಫರ್ಡ್ ಅಂತರಿಕ್ಷಕ್ಕೆ ಹೋದ ಮೊದಲ ಆಫ್ರಿಕನ್ ಅಮೆರಿಕನ್ನರಾಗಿದ್ದು, 1978ರಲ್ಲಿ ನಾಸಾ ಆಯ್ದುಕೊಂಡ ತಂಡಕ್ಕೆ ಸೇರಿದವರು. ಆ ಆಯ್ಕೆಗಾಗಿ ಮಹಿಳೆಯರೂ ಕಪ್ಪುಜನರೂ ಅರ್ಜಿ ಹಾಕಬೇಕೆಂದು ನಾಸಾದ ಪರವಾಗಿ ಅಮೆರಿಕದಾದ್ಯಂತ ಸಂಚರಿಸಿ ಕರೆಕೊಟ್ಟವರು ನಿಶೆಲ್ ನಿಕೋಲ್ಸ್; ಅವರೇ 'ಸ್ಟಾರ್ ಟ್ರೆಕ್'ನಲ್ಲಿ ನೌಕೆಯ ಸಂಪರ್ಕಾಧಿಕಾರಿ ಉಹೂರಾ ಪಾತ್ರ ವಹಿಸಿದ ನಟಿ. ಧಾರಾವಾಹಿಯ ನಟಿಯೊಬ್ಬರ ಕರೆ, ಆ ಕಾಲದಲ್ಲಿ ಆಯ್ಕೆಯಾದ ಗಗನಯಾತ್ರಿಯಿದ್ದ ನೌಕೆ, ಆ ನೌಕೆ ಬಿಟ್ಟುಬಂದ ಉಪಗ್ರಹ, ಕೊನೆಗೆ ಆ ಉಪಗ್ರಹದ ಕಾಲದಲ್ಲೇ ಭಾರತದ ಮನೆಗಳಿಗಿಳಿದ ಅದೇ ಧಾರಾವಾಹಿ: ಇಷ್ಟು ಸುತ್ತು ಹಾಕಿದ ಕಥೆಯನ್ನು ಯಾವ ಚಿತ್ರಕಥೆಗಾರ ಬರೆದಿದ್ದರೂ ಅತಿಯಾಯಿತೆಂದು ನಿರ್ಮಾಪಕರು ಹೊಡೆದುಹಾಕುತ್ತಿದ್ದರು.

ಉಪಗ್ರಹದಿಂದ ಇಳಿದ ಸಂಕೇತವನ್ನು ಮನೆಗಳಿಗೆ ಮುಟ್ಟಿಸುತ್ತಿದ್ದವು ಕಡಿಮೆ ಶಕ್ತಿಯ ಮರುಪ್ರಸಾರ ಕೇಂದ್ರಗಳು. ನೂರು ವಾಟ್ ಸಾಮರ್ಥ್ಯದ ಇಂಥ ಕೇಂದ್ರಗಳನ್ನು 1984ರಲ್ಲಿ ಕೆಲವು ತಿಂಗಳ ಕಾಲ ದಿನಕ್ಕೊಂದರಂತೆ ದೇಶದಲ್ಲಿ ತೆರೆಯಲಾಯಿತು. ಅವುಗಳ ಅಲೆ ಹೆಚ್ಚೆಂದರೆ ಇಪ್ಪತ್ತೈದು ಕಿಲೋಮೀಟರ್‌ವರೆಗೆ ಸಾಗುತ್ತಿತ್ತು, ಅದೂ ನೇರ ದೃಷ್ಟಿಗೆ ಸಿಗುವಷ್ಟು ದೂರ ಮಾತ್ರ, ನಡುವೆ ಗುಡ್ಡ ಬಂದರೆ ಅಲ್ಲಿಗೇ ನಿಲ್ಲುತ್ತಿತ್ತು. ಹಂಪಿಯ ಬಂಡೆಗುಡ್ಡಗಳೂ ಸಂಡೂರಿನ ಕಣಿವೆಯನ್ನು ಸುತ್ತುವರಿದ ಅದಿರಿನ ಬೆಟ್ಟಸಾಲೂ ಇಂಥ ಅಲೆಗಳಿಗೆ ಒಲಿಯುವ ನೆಲವಲ್ಲ. ಬಯಲಿನ ಗದ್ದೆಗಳ ನಡುವಿನ ಕಂಪ್ಲಿಗೆ ಬೆಟ್ಟದ ಕಾಟ ಕಡಿಮೆ, ದೂರದ ಕಾಟ ಹೆಚ್ಚು. ಆ ಕಾಲದ ಟಿ.ವಿ. ನೋಟದಲ್ಲಿ ಆಂಟೆನಾ ತಿರುಗಿಸಲು ಮಾಳಿಗೆ ಹತ್ತಿದವನೂ, 'ಬಂತಾ?' ಎಂಬ ಅವನ ಕೂಗಿಗೆ ಕೆಳಗಿನಿಂದ ಉತ್ತರಿಸುವವರೂ, ಬೂಸ್ಟರ್, ಸ್ಟೆಬಿಲೈಸರ್‌ಗಳೂ ಸೇರಿಯೇ ಇರುತ್ತಿದ್ದವು. ತಡೆಗಾಗಿ ವಿಷಾದಿಸುತ್ತೇವೆ ಎಂಬ ಹಿಂದಿ ಫಲಕ ಎಷ್ಟೋ ಸಲ ಕಥೆಗಿಂತ ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಅಂಥ ಪರದೆಯ ಮೇಲೆ ಸೆಟ್ಟುಗಳ ಬಡತನ, ಕಾಣುವ ದಾರಗಳು, ಬಣ್ಣ ಬಳಿದ ಹಲಗೆಗಳು ಯಾರ ಕಣ್ಣಿಗೂ ಬೀಳದಿದ್ದುದು ಸಹಜ. ಇಂದು ಅವೇ ಕಂತುಗಳನ್ನು ಮೊಬೈಲಿನಲ್ಲಿ ಸ್ಫುಟವಾಗಿ ನೋಡಿದವರಿಗೆ ನಿರಾಸೆಯಾಗುವುದೂ ಅಷ್ಟೇ ಸಹಜ. ಅವರು ಹುಡುಕುತ್ತಿರುವುದು ಧಾರಾವಾಹಿಯನ್ನಲ್ಲ, ಅಕ್ಕಪಕ್ಕದವರೆಲ್ಲ ಒಂದೇ ಕೋಣೆಯಲ್ಲಿ ಕುಳಿತು ಮುಂದಿನ ಶತಮಾನವನ್ನು ಕಾಯುತ್ತಿದ್ದ ಆ ನಂಬಿಕೆಯನ್ನು.

ಈ ನೆನಪುಗಳಲ್ಲಿ ಒಂದು ಕೊರತೆಯಿದೆ. ಅವು ಹಿಂದಿಯಲ್ಲಿವೆ, ಇಂಗ್ಲಿಷಿನಲ್ಲಿವೆ, ಕನ್ನಡದಲ್ಲಿಲ್ಲ. ಕನ್ನಡ, ತೆಲುಗು, ಉರ್ದುಗಳು ಒಂದೇ ಬೀದಿಯಲ್ಲಿ ಕೇಳಿಬರುವ ಹೊಸಪೇಟೆಯಲ್ಲಿ ಹಿಂದಿ ತೀರ ಅಪರಿಚಿತವಾಗಿರಲಿಲ್ಲವಾದರೂ, ಹಳ್ಳಿಯ ಮಗು ಚಿತ್ರ ನೋಡಿ ಕಥೆಯನ್ನು ಊಹಿಸಿಕೊಳ್ಳಬೇಕಾಗಿತ್ತು. ಕನ್ನಡ ಸಾಹಿತ್ಯದಲ್ಲಿ ರಾಜಶೇಖರ ಭೂಸನೂರಮಠರು ವಿಜ್ಞಾನ ಕಥೆಗಳನ್ನು ಬರೆಯುತ್ತಿದ್ದರು, 1980ರ 'ಕರ್ವಾಲೊ' ಕಾದಂಬರಿಯಲ್ಲಿ ತೇಜಸ್ವಿಯವರು ಹಾರುವ ಓತಿಯ ಬೆನ್ನುಹತ್ತಿ ಓದುಗರನ್ನು ಕಾಡಿಗೆ ಕರೆದೊಯ್ದಿದ್ದರು. ಕನ್ನಡದ ಕಿರುತೆರೆ ಮಾತ್ರ ಅಡುಗೆಮನೆ, ಪಡಸಾಲೆ, ನ್ಯಾಯಾಲಯಗಳಾಚೆ ಹೆಚ್ಚು ಕಾಲಿಡಲಿಲ್ಲ. ಅರವತ್ತರ ದಶಕದ ಚಳವಳಿಯಿಂದ ರೂಢಿಗೆ ಬಂದ ಡಬ್ಬಿಂಗ್ ವಿರೋಧ, ಅಂದರೆ ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಕೂಡಿಸಬಾರದೆಂಬ ಅಲಿಖಿತ ಕಟ್ಟಳೆ, ಹೊರಗಿನ ವಿಜ್ಞಾನ ಕಥೆಗಳು ಕನ್ನಡ ಮಾತಾಡುವುದನ್ನೂ ತಡೆಯಿತು. ಸ್ಪರ್ಧಾ ಆಯೋಗವು 2015ರಲ್ಲಿ ಈ ಕಟ್ಟಳೆಯ ವಿರುದ್ಧ ತೀರ್ಪು ನೀಡುವ ಹೊತ್ತಿಗೆ ಭಾನುವಾರದ ಬೆಳಗುಗಳ ಕಾಲ ಮುಗಿದು ಎಷ್ಟೋ ವರ್ಷಗಳಾಗಿದ್ದವು. ಆ ಕಟ್ಟಳೆ ಕನ್ನಡದ ಕಲಾವಿದರ ಅನ್ನವನ್ನು ಕಾಪಾಡಿತೆಂಬುದು ನಿಜ. ಅದರ ಬೆಲೆಯನ್ನು ತೆತ್ತವರಲ್ಲಿ ಮಕ್ಕಳೂ ಇದ್ದರೆಂಬುದನ್ನು ಹೇಳದೆ ಬಿಡುವುದು ಸರಿಯಲ್ಲ.

ಹಂಪಿಯಂತೂ ಇಂಥ ಕಲ್ಪನೆಗೆ ಹೇಳಿಮಾಡಿಸಿದ ಜಾಗವಾಗಿದ್ದರೂ ಅದನ್ನು ಬಳಸಿಕೊಂಡವರು ದೂರದವರು. ಜಾಕಿ ಚಾನ್ ನಟಿಸಿದ, 2005ರಲ್ಲಿ ತೆರೆಕಂಡ ಹಾಂಗ್‌ಕಾಂಗಿನ 'ದಿ ಮಿಥ್' ಚಿತ್ರದ ಒಂದು ಭಾಗ ಹಂಪಿಯಲ್ಲಿ ಚಿತ್ರೀಕರಣಗೊಂಡಿದ್ದು, ಗುರುತ್ವವನ್ನು ಸೋಲಿಸಿ ವಸ್ತುಗಳನ್ನು ತೇಲಿಸುವ ಕಲ್ಲೊಂದು ಅದರ ಕಥೆಯ ತಿರುಳು.

ಕನ್ನಡಿಗರ ಪಾಲಿಗೆ ಈ ಲೋಕದ ತಾರೆಯೆಂದರೆ ಗಿರೀಶ ಕಾರ್ನಾಡರು. ನಾಟಕಕಾರರಾಗಿ, ಚಿತ್ರನಟರಾಗಿ ಅವರನ್ನು ಅರಿತವರು ಬಹಳ. ಆದರೆ ಎಂಬತ್ತರ ದಶಕದ ಮಗುವಿಗೆ ಅವರು ಮೊದಲು ಕಂಡದ್ದು ಟಿ.ವಿ.ಯಲ್ಲಿ. ಶಂಕರನಾಗ್ ನಿರ್ದೇಶನದ 'ಮಾಲ್ಗುಡಿ ಡೇಸ್'ನಲ್ಲಿ ಅವರು ಸ್ವಾಮಿಯ ತಂದೆ, ಗದರಿದರೂ ಮಮತೆ ಅಡಗಿಸಲಾರದ ಹಿರಿಯ. ಎರಡು ಮೂರು ವರ್ಷಗಳಲ್ಲೇ 'ಇಂದ್ರಧನುಷ್'ನ ಪಾತ್ರವರ್ಗದಲ್ಲಿ ಅವರು ಮತ್ತೆ ಹಿರಿಯರಾಗಿ ಕಾಣಿಸಿಕೊಂಡರು. ತೊಂಬತ್ತರ ದಶಕದ ಆರಂಭದಲ್ಲಿ 'ಟರ್ನಿಂಗ್ ಪಾಯಿಂಟ್' ಎಂಬ ವಿಜ್ಞಾನ ಕಾರ್ಯಕ್ರಮವನ್ನು ನಿರೂಪಿಸಿದರು, ಅದರಲ್ಲಿ ವಿಜ್ಞಾನಿ ಯಶಪಾಲ್ ಅವರೂ ಬಂದು ಜನರ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದರು. ಹಳೆಯ ಕಾಲದ ಅಪ್ಪ, ಕಾಲಯಾನದ ಕಥೆಯ ಹಿರಿಯ, ನಿಜವಾದ ವಿಜ್ಞಾನದ ನಿರೂಪಕ, ಈ ಮೂರೂ ಒಂದೇ ಮುಖವಾಗಿದ್ದುದು ಆ ತಲೆಮಾರಿನ ಭಾಗ್ಯವೆನ್ನಬೇಕು, ಏಕೆಂದರೆ ಪುರಾಣವನ್ನೂ ಪ್ರಯೋಗಶಾಲೆಯನ್ನೂ ಒಂದೇ ಗಾಂಭೀರ್ಯದಿಂದ ಕಾಣಬಲ್ಲ ನಟರು ಭಾರತದ ಕಿರುತೆರೆಗೆ ಆಮೇಲೆ ಹೆಚ್ಚು ಸಿಗಲಿಲ್ಲ. ಎಂಬತ್ತರ ವಯಸ್ಸಿನಲ್ಲಿ ಮೂಗಿಗೆ ಆಮ್ಲಜನಕದ ನಳಿಕೆ ಸಿಕ್ಕಿಸಿಕೊಂಡೇ ಸಾರ್ವಜನಿಕ ಸಭೆಗಳಿಗೆ ಬರುತ್ತಿದ್ದ ಅವರು, 2018ರಲ್ಲಿ ವಿಜಯನಗರದ ಪತನವನ್ನು ಕುರಿತ 'ರಾಕ್ಷಸ ತಂಗಡಿ' ನಾಟಕವನ್ನು ಪ್ರಕಟಿಸಿ, 2019ರ ಜೂನ್ 10ರಂದು ತೀರಿಕೊಂಡರು. ಹಂಪಿಯ ಸೀಮೆಯ ನೋಡುಗರಿಗೆ ಅವರ ಕೊನೆಯ ನಾಟಕ ತಮ್ಮದೇ ನೆಲದ ಕಥೆಯಾದದ್ದು ಕಾಕತಾಳೀಯವಿರಬಹುದು.

ಉಳಿದ ತಾರೆಗಳಲ್ಲಿ ಹಲವರು ಹೋಗಿದ್ದಾರೆ, ಇರುವವರು ಮಾಗಿದ್ದಾರೆ. 'ಸ್ಟಾರ್ ಟ್ರೆಕ್'ನ ಸ್ಪಾಕ್ ಪಾತ್ರದ ಲಿಯೊನಾರ್ಡ್ ನಿಮೊಯ್ 2015ರಲ್ಲಿ, ನಿಶೆಲ್ ನಿಕೋಲ್ಸ್ 2022ರಲ್ಲಿ ತೀರಿಕೊಂಡರು. ನೌಕೆಯ ನಾಯಕನಾಗಿದ್ದ ವಿಲಿಯಂ ಶಾಟ್ನರ್ 2021ರ ಅಕ್ಟೋಬರ್‌ನಲ್ಲಿ, ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ, ನಿಜವಾದ ರಾಕೆಟ್ಟಿನಲ್ಲಿ ಹತ್ತು ನಿಮಿಷಗಳ ಪಯಣ ಮಾಡಿ ಬಂದರು. ಅಲ್ಲಿನ ಕತ್ತಲನ್ನು ಕಂಡು ಸಂಭ್ರಮದ ಬದಲು ಶೋಕವೇ ಆವರಿಸಿತೆಂದು ಬಳಿಕ ಬರೆದುಕೊಂಡರು. ಕ್ಯಾಪ್ಟನ್ ವ್ಯೋಮ್ ಆಗಿದ್ದ ಮಿಲಿಂದ್ ಸೋಮನ್‌ಗೆ 2025ರಲ್ಲಿ ಅರವತ್ತು ತುಂಬಿತು. ಅರವತ್ತಾರರ ಮುಖೇಶ್ ಖನ್ನಾ 2024ರಲ್ಲಿ ಮತ್ತೆ ಕಿರುತೆರೆಯ ಅತಿಮಾನುಷ ನಾಯಕ ಶಕ್ತಿಮಾನ್‌ನ ಉಡುಪು ತೊಟ್ಟಾಗ ನಕ್ಕವರೂ ಇದ್ದರು, ಕಣ್ಣೊರೆಸಿಕೊಂಡವರೂ ಇದ್ದರು, ಒಬ್ಬರೇ ಎರಡನ್ನೂ ಮಾಡಿರುವ ಸಾಧ್ಯತೆಯೂ ಇಲ್ಲದಿಲ್ಲ.

ನಟರು ಮುಪ್ಪಾಗುವುದು ಪ್ರಕೃತಿ ನಿಯಮ, ಕಂತುಗಳು ಅಳಿಯುವುದು ಮಾತ್ರ ಮನುಷ್ಯರ ಅಸಡ್ಡೆ. 1963ರಲ್ಲಿ ಆರಂಭವಾದ ಇಂಗ್ಲೆಂಡಿನ 'ಡಾಕ್ಟರ್ ಹೂ' ಧಾರಾವಾಹಿಯ ಅನೇಕ ಟೇಪುಗಳನ್ನು ಬಿಬಿಸಿಯೇ ಅಳಿಸಿಹಾಕಿದ್ದರಿಂದ, ತೊಂಬತ್ತಕ್ಕೂ ಹೆಚ್ಚು ಕಂತುಗಳು ಇಂದಿಗೂ ಸಿಕ್ಕಿಲ್ಲ. ಆದರೆ ಕಳೆದುಹೋಗಿದ್ದ ಒಂಬತ್ತು ಕಂತುಗಳು ನೈಜೀರಿಯಾದ ಜೋಸ್ ಎಂಬ ಊರಿನ ಪ್ರಸಾರ ಕೇಂದ್ರದಲ್ಲಿ ಪತ್ತೆಯಾದವೆಂದು 2013ರಲ್ಲಿ ಪ್ರಕಟವಾಯಿತು. ಜೋಸ್‌ಗೆ ಕಂತುಗಳು ಹೋಗಿದ್ದುದು ಫಿಲ್ಮ್ ಸುರುಳಿಗಳಾಗಿ, ಹಾಗಾಗಿ ಅಲ್ಲಿ ಉಳಿಯಲು ಏನಾದರೂ ಇತ್ತು. ಕರ್ನಾಟಕದ ಸಣ್ಣ ಊರುಗಳ ಮರುಪ್ರಸಾರ ಕೇಂದ್ರಗಳಾದರೋ ಆಕಾಶದಿಂದ ಬಂದದ್ದನ್ನು ಅದೇ ಗಳಿಗೆಯಲ್ಲಿ ಸುತ್ತಲಿಗೆ ಬಿತ್ತರಿಸಿ ಕೈತೊಳೆದುಕೊಳ್ಳುತ್ತಿದ್ದವು. ದೇಶದ ಇಂಥ ಹಳೆಯ ಟ್ರಾನ್ಸ್‌ಮಿಟರುಗಳನ್ನು ಪ್ರಸಾರ ಭಾರತಿಯು 2022ರ ವೇಳೆಗೆ ಬಹುಮಟ್ಟಿಗೆ ಮುಚ್ಚಿಬಿಟ್ಟಿತು. ಉಳಿದಿದ್ದರೆ ಉಳಿದಿರುವುದು ವಿಸಿಆರ್ ಇದ್ದವರು ಮನೆಯಲ್ಲೇ ತುಂಬಿಸಿಟ್ಟುಕೊಂಡ ಕ್ಯಾಸೆಟ್ಟುಗಳಲ್ಲಿ. ಆ ಟೇಪಿನ ಮೇಲೆ ಚಿತ್ರವನ್ನು ಹಿಡಿದಿಡುವ ಕಂದು ಲೇಪ ಕಬ್ಬಿಣದ ಆಕ್ಸೈಡು; ಸಂಡೂರಿನ ಬೆಟ್ಟಗಳ ಹೆಮಟೈಟ್ ಅದಿರಿನ ರಾಸಾಯನಿಕ ರಚನೆಯೂ ಹೆಚ್ಚುಕಡಿಮೆ ಅದೇ, ಹರಳಿನ ಜೋಡಣೆ ಮಾತ್ರ ಬೇರೆ. ಬೆಟ್ಟದಲ್ಲಿ ಅದು ಕೋಟ್ಯಂತರ ವರ್ಷ ಉಳಿಯಬಲ್ಲದು, ಟೇಪಿನಲ್ಲಿ ಅದನ್ನು ಹಿಡಿದಿಟ್ಟ ಅಂಟು ತೇವಕ್ಕೂ ಬಿಸಿಲಿಗೂ ಕೆಲವೇ ದಶಕಗಳಲ್ಲಿ ಸಡಿಲುತ್ತದೆ.

ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1991ರಿಂದ ಜನಪದ ಕಾವ್ಯ, ಶಾಸನ, ಹಸ್ತಪ್ರತಿಗಳನ್ನು ಕಲೆಹಾಕುತ್ತ ಬಂದಿದೆ. ಟಿ.ವಿ. ನೋಡಿದ ಮೊದಲ ತಲೆಮಾರಿನ ಮಾತುಗಳನ್ನೂ, ರಾಯಚೂರು ಸೀಮೆಯಲ್ಲಿ ಜಾಲರಿ ಆಂಟೆನಾ ಕಂಡವರ ನೆನಪುಗಳನ್ನೂ, ಮನೆಗಳಲ್ಲಿ ಉಳಿದ ಕ್ಯಾಸೆಟ್ಟುಗಳನ್ನೂ ಅದೇ ಸಾಲಿಗೆ ಸೇರಿಸಿಕೊಳ್ಳುವುದು ಅದಕ್ಕೆ ದೊಡ್ಡ ಕೆಲಸವಲ್ಲ. ಆದರೆ ತಡಮಾಡುವಂತಿಲ್ಲ: 1975ರಲ್ಲಿ ಶಾಲೆಯಲ್ಲಿದ್ದ ಮಕ್ಕಳಿಗೆ ಈಗ ಅರವತ್ತು ಸಮೀಪಿಸಿದೆ ಅಥವಾ ದಾಟಿದೆ, ಅಂದಿನ ಮಾಸ್ತರರು ಅವರಿಗಿಂತಲೂ ಹಿರಿಯರು. ವಿಶ್ವವಿದ್ಯಾಲಯ ಆ ಕೆಲಸಕ್ಕೆ ಕೈಹಾಕುವವರೆಗೆ, ಅಟ್ಟದ ಮೇಲೆ ಅಂಥ ಕ್ಯಾಸೆಟ್ಟುಗಳಿರುವ ಮನೆಯವರು ಅವನ್ನು ಗುಜರಿಗೆ ಹಾಕದೆ, ತಂಪಾದ ಒಣ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಟ್ಟು, ಮೇಲೆ ಕಾರ್ಯಕ್ರಮದ ಹೆಸರನ್ನೂ ವರ್ಷವನ್ನೂ ಬರೆದಿಡಬೇಕು.