ಕಾಲೇಜು ಬೀದಿಗಿಳಿದ ಭಾನುವಾರ

ದಂಡು ಸ್ಟೇಷನ್ನಿನಲ್ಲಿ ಇಳಿದಾಗ ಬೆಳಗಿನ ಏಳೂವರೆ. "ಚಿತ್ರಸಂತೆಗಾ? ರೋಡ್ ಬಂದ್ ಸಾರ್, ಅಲ್ಲೀತನಕ ಬಿಡಲ್ಲ" ಎಂದ ಆಟೋದವನು. ನಡೆದೇ ಹೊರಟೆ. ವಸಂತನಗರದ ಒಳರಸ್ತೆಗಳನ್ನು ಹಾದು, ಮೌಂಟ್ ಕಾರ್ಮೆಲ್ ಕಾಲೇಜನ್ನು ದಾಟಿ ಹೈಗ್ರೌಂಡ್ಸ್ ಕಡೆಗೆ ತಿರುಗಿದೆ. ಜನವರಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಆದರೂ ದಾರಿಯಲ್ಲೊಂದು ತಬೂಬಿಯಾ ಮರ ಎಲೆ ಕೊಡವಿಕೊಂಡು ಮೈತುಂಬ ಗುಲಾಬಿ ಬಣ್ಣ ಹೊತ್ತು ನಿಂತಿತ್ತು. ಬೆಂಗಳೂರಿನ ವಸಂತ ಪಂಚಾಂಗ ನೋಡಿ ಬರುವುದಿಲ್ಲ.

1876ರಲ್ಲಿ ಬ್ರಿಟಿಷರು ಶುರುಮಾಡಿದ ಗಾಲ್ಫ್ ಕ್ಲಬ್ಬಿನ ಬೇಲಿ ಮುಗಿಯುವಷ್ಟರಲ್ಲಿ ಪೊಲೀಸರ ಬ್ಯಾರಿಕೇಡು. ಅದರಾಚೆ ಕುಮಾರಕೃಪಾ ರಸ್ತೆ. ದಿವಾನ್ ಶೇಷಾದ್ರಿ ಅಯ್ಯರ್ ಮನೆಯ ಹೆಸರೇ ಈ ರಸ್ತೆಗೆ ಬಂದದ್ದು. 1927ರಲ್ಲಿ ಆರೋಗ್ಯ ಕೆಟ್ಟಿದ್ದ ಗಾಂಧೀಜಿ ಉಳಿದುಕೊಂಡದ್ದೂ ಅದೇ ಕುಮಾರಕೃಪಾದಲ್ಲಿ. ಈಗ ಇಲ್ಲಿ ಗಾಂಧಿ ಭವನ ಇದೆ, ಮುಖ್ಯಮಂತ್ರಿಗಳ ಗೃಹಕಚೇರಿ 'ಕೃಷ್ಣಾ' ಇದೆ. ಉಳಿದ ದಿನ ಮಂತ್ರಿಗಳ ಕಾರುಗಳಿಗೆ ದಾರಿ ಬಿಟ್ಟುಕೊಂಡು ಬದಿಗೆ ಸರಿಯುವ ನಾವು, ಇವತ್ತು ರಸ್ತೆಯ ನಟ್ಟನಡುವೆ ನಡೆಯಬಹುದು. ಆ ಸುಖಕ್ಕಾಗಿಯೇ ಬರುವವರನ್ನು ನಾನು ಬಲ್ಲೆ.

ಇದು 2025ರ ಜನವರಿ 5. ಕರ್ನಾಟಕ ಚಿತ್ರಕಲಾ ಪರಿಷತ್ತಿನ 22ನೇ ಚಿತ್ರಸಂತೆ, ಈ ಬಾರಿ ಹೆಣ್ಣುಮಗುವಿಗೆ ಅರ್ಪಣೆ. ಸಾವಿರಕ್ಕೂ ಹೆಚ್ಚು ಕಲಾವಿದರು, ಹಲವು ರಾಜ್ಯಗಳವರು. ಅಂಗಡಿ ಎಂದರೆ ಒಂದು ತಡಿಕೆ, ಎರಡು ಕುರ್ಚಿ. ಗೋಡೆಯೇ ಸಿಗದವರು ಫುಟ್‌ಪಾತಿನ ಮೇಲೆ ಬೆಡ್‌ಶೀಟ್ ಹಾಸಿ ಕ್ಯಾನ್ವಾಸ್ ಹರಡಿದ್ದಾರೆ. ನೂರು ರೂಪಾಯಿಯ ಪೋಸ್ಟ್‌ಕಾರ್ಡಿನಿಂದ ಲಕ್ಷ ದಾಟುವ ಚಿತ್ರದವರೆಗೆ ಎಲ್ಲವೂ ಒಂದೇ ಬಿಸಿಲಿನಲ್ಲಿ.

ಸಂತೆ ಎಂಬ ಹೆಸರಿಟ್ಟವರು ಜಾಣರು. ಗ್ಯಾಲರಿಯ ಗಾಜಿನ ಬಾಗಿಲು ಕಂಡರೆ ಅರ್ಧ ಬೆಂಗಳೂರು ಚಪ್ಪಲಿ ಬಿಡಬೇಕೋ ಏನೋ ಎಂದು ಹಿಂಜರಿಯುತ್ತದೆ. ಸಂತೆಗೆ ಹೋಗಲು ಯಾರಿಗೂ ಅಂಜಿಕೆಯಿಲ್ಲ. ನನ್ನ ಮುಂದೆಯೇ ಒಬ್ಬ ಅಜ್ಜಿ ಜಲವರ್ಣದ ಹಂಪಿಯ ಕಲ್ಲಿನ ರಥವನ್ನು ದಿಟ್ಟಿಸಿ ನೋಡಿ, "ಎಷ್ಟಪ್ಪಾ?" ಎಂದರು. "ಎರಡೂವರೆ ಸಾವಿರ ಅಜ್ಜಿ." "ಫ್ರೇಮ್ ಸೇರಿಸಿನಾ?" ಹುಡುಗ ನಕ್ಕ. ಕೊನೆಗೆ ಎರಡು ಸಾವಿರಕ್ಕೆ ಕುದುರಿತು. ಸೊಪ್ಪಿನ ಹಾಗೆ ಚಿತ್ರಕ್ಕೂ ಚೌಕಾಸಿಯೇ ಎಂದು ಮೂಗು ಮುರಿಯುವವರಿದ್ದಾರೆ. ಮುರಿಯಲಿ, ಆ ರಥ ಈಗ ಒಂದು ಮನೆಯ ಗೋಡೆ ಸೇರಿತು.

ಬೇಸರವೂ ಇದೆ, ಮುಚ್ಚಿಡುವುದೇಕೆ. ಅರ್ಧ ಕಿಲೋಮೀಟರಿನಲ್ಲಿ ನಾನು ಎಣಿಸಿದ ಬುದ್ಧನ ಮುಖಗಳು ಮೂವತ್ತೊಂದು. ಆಮೇಲೆ ಎಣಿಸುವುದನ್ನು ಬಿಟ್ಟೆ. ಓಡುವ ಏಳು ಕುದುರೆಗಳಿಗೂ, ಕೊಳಲಿನ ಕೃಷ್ಣನಿಗೂ ಬರವಿಲ್ಲ. ಹನ್ನೊಂದರ ಹೊತ್ತಿಗೆ ಜನಸಾಗರ. ಚಿತ್ರಗಳಿಗಿಂತ ಸೆಲ್ಫಿಗೆ ಎತ್ತಿದ ಕೈಗಳೇ ಹೆಚ್ಚು.

ಅಂಥ ಹೊತ್ತಿನಲ್ಲಿ ಗೇಟು ದಾಟಿ ಪರಿಷತ್ತಿನ ಒಳಗೆ ಹೋಗಬೇಕು. ಬಂಡೆ, ಮರಗಳ ನಡುವಿನ ಈ ಆವರಣದ ಹಿಂದೆ ಎಂ.ಎಸ್. ನಂಜುಂಡರಾಯರ ದುಡಿಮೆಯಿದೆ. 1960ರಲ್ಲಿ ಹುಟ್ಟಿದ ಸಂಸ್ಥೆಯನ್ನು ಕಾಲೇಜಾಗಿ, ಸಂಗ್ರಹಾಲಯವಾಗಿ ಬೆಳೆಸಿದವರಲ್ಲಿ ಅವರು ಮೊದಲಿಗರು. ಒಳಗೆ ಮೈಸೂರು ಶೈಲಿಯ ಚಿತ್ರಗಳಿವೆ, ಊರೂರು ತಿರುಗಿ ಕೂಡಿಸಿದ ತೊಗಲುಗೊಂಬೆಗಳಿವೆ, ಕನಕಪುರ ರಸ್ತೆಯ ತಾತಗುಣಿ ತೋಟದಲ್ಲಿ ನಟಿ ದೇವಿಕಾರಾಣಿಯೊಂದಿಗೆ ಬದುಕಿದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್‌ರ ಕೃತಿಗಳಿವೆ. ಹೊರಗಿನ ಗದ್ದಲದಿಂದ ಬಂದು ರೋರಿಕ್‌ರ ಹಿಮಾಲಯದ ಮುಂದೆ ನಿಂತರೆ ಕಿವಿ ತಣ್ಣಗಾಗುತ್ತದೆ.

ಮರದಡಿ ಕಾಲೇಜಿನ ಹುಡುಗ ಹುಡುಗಿಯರು ಕೂತಿದ್ದರು. ಉಗುರಿನ ಸಂದಿಯಲ್ಲಿ ಇದ್ದಿಲು, ಮಡಿಲಲ್ಲಿ ಡ್ರಾಯಿಂಗ್ ಬೋರ್ಡು. ಎದುರಿನ ಸ್ಟೂಲಿನಲ್ಲಿ ಖಾಕಿ ಅಂಗಿಯ ಡ್ರೈವರೊಬ್ಬರು ಫೋಟೋಗೆ ಕೂತವರಂತೆ ಉಸಿರು ಹಿಡಿದು ಕೂತಿದ್ದಾರೆ. "ಸರ್, ನಗಬಹುದು" ಎಂದಳು ಹುಡುಗಿ. ಅವರು ನಗಲಿಲ್ಲ. ಹದಿನೈದು ನಿಮಿಷದಲ್ಲಿ ಮುಖ ಮೂಡಿತು. ಹಾಳೆಯನ್ನು ಬೆಳಕಿಗೆ ಹಿಡಿದು, "ನಮ್ಮಪ್ಪನ ಥರಾನೇ ಬಂದಿದೆ" ಎಂದರು. ವರ್ಷವಿಡೀ ಮೇಷ್ಟರ ಮಾರ್ಕಿಗೆ ಬರೆಯುವವರಿಗೆ ಇಂಥ ವಿಮರ್ಶೆ ಬೇರೆಲ್ಲಿ ಸಿಗಬೇಕು? ಕಾಲೇಜು ಊರನ್ನು ಒಳಗೆ ಕರೆಯುವುದು ಎಂದರೆ ಇದೇ. ವೇದಿಕೆಯ ಭಾಷಣಗಳಲ್ಲಿ ನನಗದು ಕಂಡದ್ದಿಲ್ಲ.

ಕೋವಿಡ್ ಕಾಲದಲ್ಲಿ ಈ ಸಂತೆ ಒಂದು ವರ್ಷ ಆನ್‌ಲೈನಿಗೆ ಹೋಗಿತ್ತು. ಮರುವರ್ಷ, 2022ರಲ್ಲಿ, ಮಾರ್ಚ್ ಕೊನೆಯ ಉರಿಬಿಸಿಲಿನಲ್ಲಿ ರಸ್ತೆಗೆ ಮರಳಿತು. ಕಂಪ್ಯೂಟರಿನಲ್ಲಿ ಚಿತ್ರವೇನೋ ಕಾಣುತ್ತಿತ್ತು. "ಫ್ರೇಮ್ ಸೇರಿಸಿನಾ?" ಎಂದು ಕೇಳುವ ಅಜ್ಜಿ ಇರಲಿಲ್ಲ.

ಸಂಜೆ ವಿದ್ಯಾರ್ಥಿಯೊಬ್ಬನ ಹತ್ತಿರ ಮುನ್ನೂರು ರೂಪಾಯಿಗೆ ಒಂದು ಮರಚ್ಚಿನ ಪ್ರಿಂಟು ಕೊಂಡೆ: ಮಳೆಯಲ್ಲಿ ನೆನೆಯುತ್ತಿರುವ ಬಿಎಂಟಿಸಿ ಬಸ್ಸು. ಬುದ್ಧನಿಲ್ಲ.

ಮುಂದಿನ ಜನವರಿಯಲ್ಲಿ ಹೋಗುವುದಾದರೆ ಎಂಟು ಗಂಟೆಯೊಳಗೇ ಹೋಗಿ. ಕಾರು ಬೇಡ, ಮೆಟ್ರೋದಲ್ಲಿ ಬಂದು ನಡೆಯಿರಿ. ಚಿತ್ರ ಸುತ್ತಿಕೊಳ್ಳಲು ಒಂದು ಹಳೆಯ ಪಂಚೆ ಚೀಲದಲ್ಲಿರಲಿ. ಮೊದಲು ಒಳಗಿನ ಮಕ್ಕಳ ಚಿತ್ರ ನೋಡಿ, ರಸ್ತೆ ಆಮೇಲೆ.