ಎರಡು ಅಂತಸ್ತಿನ ರೆಕ್ಕೆ: ದೊಡ್ಡ ಮಾಡೆಲ್ ವಿಮಾನ ಜೋಡಿಸುವವರಿಗೆ, ಅವರ ಮನೆಯವರಿಗೆ

ರಿಮೋಟ್‌ನಲ್ಲಿ ಹಾರಿಸುವ ವಿಮಾನ ಅಂದರೆ ಪೇಟೆಯ ಆಟಿಕೆ ಅಂಗಡಿಯಲ್ಲಿ ಸಿಗುವ, ಎರಡೇ ದಿನದಲ್ಲಿ ಮುರಿದು ಮೂಲೆ ಸೇರುವ ಪ್ಲಾಸ್ಟಿಕ್ ಸಾಮಾನು ಅಂತ ನಮ್ಮ ಮನೆಗಳಲ್ಲಿ ಹಲವರ ಲೆಕ್ಕ. ಆದರೆ ಈಗ ಕೆಲವು ಯುವಕರು ಕೈ ಹಾಕುತ್ತಿರುವ ದೊಡ್ಡ ಬೈಪ್ಲೇನ್ ಅಂಥದ್ದಲ್ಲ. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಸುಮಾರು ಆರು ಅಡಿ, ತೂಕ ಎಂಟೊಂಬತ್ತು ಕಿಲೋ, ಮೂತಿಯಲ್ಲಿ 50ರಿಂದ 60 ಸಿಸಿಯ ಪೆಟ್ರೋಲ್ ಇಂಜಿನ್. ಹಿಂದಿನ ಟಿವಿಎಸ್ 50 ಮೊಪೆಡ್‌ನ ಇಂಜಿನ್ ಕೂಡ ಇಷ್ಟೇ ದೊಡ್ಡದು. ಅಂಥದ್ದೊಂದು ಯಂತ್ರ ಆಕಾಶದಲ್ಲಿ ಪಲ್ಟಿ ಹೊಡೆಯುವಾಗ ಕೆಳಗೆ ನಿಂತವರ ತಲೆಯ ಮೇಲೆ ಏನಿದೆ ಎಂಬುದು ಮನೆಯವರಿಗೂ ಗೊತ್ತಿರಬೇಕು.

ಮಗ ಇದನ್ನು ಕೇಳಿದಾಗ ಹೆಚ್ಚಿನ ಮನೆಗಳಲ್ಲಿ ಉತ್ತರ ಎರಡೇ. ಉಮ್ಮ "ಬೇಡ" ಅನ್ನುತ್ತಾರೆ. ಗಲ್ಫ್‌ನಲ್ಲಿರುವ ತಂದೆ ಫೋನಿನಲ್ಲೇ "ಆಗಲಿ, ದುಡ್ಡು ಕಳಿಸ್ತೇನೆ" ಅನ್ನುತ್ತಾರೆ. ಎರಡೂ ಉತ್ತರ ಸ್ವಲ್ಪ ಅವಸರದ್ದೇ. ರಜೆಯಲ್ಲಿ ಊರಿಗೆ ಬಂದ ಒಬ್ಬ ಎಸಿ ಮೆಕ್ಯಾನಿಕ್ ಹುಡುಗ ಬೆಂಗಳೂರಿನಿಂದ ಕಿಟ್ ತರಿಸಿ ಮನೆಯ ಜಗಲಿಯಲ್ಲಿ ಜೋಡಿಸಿದ. ಬೆಳಗ್ಗಿನ ಮದ್ರಸ ಬಿಟ್ಟ ಮೇಲೆ ನಾವೂ ಹೋಗಿ ಕೂತು ನೋಡಿದೆವು, ಒಂದೊಂದನ್ನೇ ಕೇಳಿ ತಿಳಿದೆವು. ಮೂರು ವಾರ ಹಿಡಿದ ಕೆಲಸ ಅದು.

ಪಿಟ್ಸ್ ಎಂಬ ಪುಟ್ಟ ವಿಮಾನ

ಇಂಥ ಮಾಡೆಲ್‌ಗಳಲ್ಲಿ ಹಲವಕ್ಕೆ ಮೂಲ, ಪಿಟ್ಸ್ ಸ್ಪೆಷಲ್ ಎಂಬ ನಿಜವಾದ ವಿಮಾನ. ಅಮೆರಿಕದ ಕರ್ಟಿಸ್ ಪಿಟ್ಸ್ ಎಂಬವರು 1944ರಲ್ಲಿ ಅದನ್ನು ಮೊದಲು ಹಾರಿಸಿದರು. ಆ ಕಾಲದ ಕಸರತ್ತಿನ ವಿಮಾನಗಳು ದೊಡ್ಡವು, ಭಾರದವು. ಪಿಟ್ಸ್ ಅವರದ್ದು ಪುಟ್ಟದು, ಹಗುರ. ಬೆಟ್ಟಿ ಸ್ಕೆಲ್ಟನ್ ಎಂಬ ಯುವತಿ ಇದರಲ್ಲೊಂದನ್ನು ಹಾರಿಸಿ 1949 ಮತ್ತು 1950ರಲ್ಲಿ ಮಹಿಳೆಯರ ಕಸರತ್ತು ಚಾಂಪಿಯನ್ ಆದರು. ಆ ವಿಮಾನ ಇವತ್ತಿಗೂ ವಾಷಿಂಗ್ಟನ್ ಬಳಿಯ ಸ್ಮಿತ್‌ಸೋನಿಯನ್ ವಿಮಾನ ಮ್ಯೂಸಿಯಂನಲ್ಲಿ ತಲೆಕೆಳಗಾಗಿ ತೂಗುತ್ತಾ ಉಂಟು. 1972ರಲ್ಲಿ ಫ್ರಾನ್ಸ್‌ನಲ್ಲಿ ನಡೆದ ವಿಶ್ವ ಸ್ಪರ್ಧೆಯನ್ನು ಅಮೆರಿಕದ ತಂಡ ಗೆದ್ದದ್ದೂ ಪಿಟ್ಸ್‌ನಲ್ಲೇ.

ಎರಡು ರೆಕ್ಕೆ ಯಾಕೆ? ಒಂದೇ ಉದ್ದ ರೆಕ್ಕೆಯ ಬದಲು ಎರಡು ಗಿಡ್ಡ ರೆಕ್ಕೆ ಮೇಲೆ ಕೆಳಗೆ ಇಟ್ಟರೆ, ಎತ್ತುವ ಶಕ್ತಿಗೆ ಬೇಕಾದ ಅಗಲ ಸಿಗುತ್ತದೆ, ವಿಮಾನ ಮಾತ್ರ ಗಿಡ್ಡವಾಗಿಯೇ ಉಳಿಯುತ್ತದೆ. ಗಿಡ್ಡ ರೆಕ್ಕೆ ಬೇಗ ಉರುಳುತ್ತದೆ. ನಡುವೆ ಕಂಬ, ತಂತಿ ಕಟ್ಟಿದರೆ ಎರಡೂ ಸೇರಿ ಪೆಟ್ಟಿಗೆಯ ಹಾಗೆ ಗಟ್ಟಿ. ಇದರ ಬೆಲೆಯೂ ಉಂಟು: ಗಾಳಿಯ ಎಳೆತ ಜಾಸ್ತಿ, ಜೋಡಣೆಯ ಲೆಕ್ಕ ಎರಡು ಪಟ್ಟು.

ಅಂಟು, ಇಸ್ತ್ರಿ, ಮೊಳೆ

ಕಿಟ್‌ನಲ್ಲಿ ಬರುವುದು ಬಾಲ್ಸಾ ಎಂಬ ಹಗುರ ಮರ ಮತ್ತು ಪ್ಲೈವುಡ್‌ನ ಅಸ್ಥಿಪಂಜರ, ಅದರ ಮೇಲೆ ಬಿಸಿ ಮಾಡಿ ಅಂಟಿಸಿದ ತೆಳು ಪ್ಲಾಸ್ಟಿಕ್ ಹೊದಿಕೆ. ನಮ್ಮ ಕರಾವಳಿಯ ಹವೆಯಲ್ಲಿ ಮರ ತೇವ ಹೀರುತ್ತದೆ, ಬಿಸಿಲಿಗಿಟ್ಟರೆ ಬಿಡುತ್ತದೆ, ಹೊದಿಕೆ ಸುಕ್ಕಾಗುತ್ತದೆ. ಆದ್ದರಿಂದ ಮೊದಲ ಕೆಲಸ, ಸಣ್ಣ ಇಸ್ತ್ರಿಪೆಟ್ಟಿಗೆಯನ್ನು ಕಡಿಮೆ ಬಿಸಿಯಲ್ಲಿಟ್ಟು ಅಂಚುಗಳನ್ನೆಲ್ಲ ಮತ್ತೆ ಒತ್ತುವುದು. ಅಂಚು ಬಿಟ್ಟ ಹೊದಿಕೆ ಗಾಳಿಯ ವೇಗಕ್ಕೆ ಸಿಕ್ಕಿದರೆ ಹಾರುವಾಗಲೇ ಹರಿದು ಬರುತ್ತದೆ.

ಆಮೇಲೆ ಕೀಲುಗಳು. ರೆಕ್ಕೆಯ ಹಿಂಬದಿಯಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿಗಳಿಗೆ ಐಲೆರಾನ್ ಎನ್ನುತ್ತಾರೆ, ಬಾಲದಲ್ಲಿರುವುದು ಎಲಿವೇಟರ್ ಮತ್ತು ರಡ್ಡರ್. ಇವುಗಳ ಕೀಲನ್ನು ಎಪಾಕ್ಸಿ ಅಂಟು ಹಾಕಿ ಕೂರಿಸುವಾಗ ಮಡಚುವ ಜಾಗಕ್ಕೆ ಸ್ವಲ್ಪ ವ್ಯಾಸಲಿನ್ ಸವರಬೇಕು, ಇಲ್ಲದಿದ್ದರೆ ಅಂಟು ಅಲ್ಲಿಗೂ ಹೋಗಿ ಕೀಲೇ ಬಿಗಿಯುತ್ತದೆ. ಒಣಗಿದ ಮೇಲೆ ಒಂದೊಂದನ್ನೂ ಕೈಯಲ್ಲಿ ಎಳೆದು ನೋಡುವುದು. ಎಳೆದರೆ ಹಾಳಾದೀತು ಅಂತ ಹೆದರುವವರುಂಟು. ಕೈ ಎಳೆತಕ್ಕೆ ಬರುವ ಕೀಲು ಜಗಲಿಯಲ್ಲೇ ಬಂದರೆ ಒಳ್ಳೆಯದಲ್ವಾ?

ಇಂಜಿನ್ ಕೂರಿಸುವ ಪ್ಲೈವುಡ್ ಹಲಗೆಯ ಎಲ್ಲ ಬೋಲ್ಟುಗಳಿಗೂ ಸಡಿಲವಾಗದಂತೆ ತಡೆಯುವ ಥ್ರೆಡ್‌ಲಾಕ್ ದ್ರವ ಹಾಕಬೇಕು. ಒಂದೇ ಸಿಲಿಂಡರಿನ ಇಂಜಿನ್ ನಡುಗಿಸುವಷ್ಟು ಬೇರೆ ಯಾವುದೂ ನಡುಗಿಸುವುದಿಲ್ಲ. ಪೆಟ್ರೋಲ್ ಪೈಪಿನ ವಿಷಯದಲ್ಲೂ ಜಾಗ್ರತೆ: ಸಣ್ಣ ಮಾಡೆಲ್‌ಗಳಿಗೆ ಹಾಕುವ ಸಿಲಿಕಾನ್ ಪೈಪು ಪೆಟ್ರೋಲಿಗೆ ಉಬ್ಬಿ ಕೆಡುತ್ತದೆ, ಪೆಟ್ರೋಲಿಗೆಂದೇ ಇರುವ ಪೈಪೇ ಬೇಕು. ಟೂ ಸ್ಟ್ರೋಕ್ ಇಂಜಿನ್ ಆದ್ದರಿಂದ ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು. ಇಂಜಿನ್ ಮಾಡಿದವರು 40ಕ್ಕೆ 1 ಅಂದಿದ್ದರೆ ಲೀಟರಿಗೆ 25 ಮಿಲಿ, 32ಕ್ಕೆ 1 ಅಂದಿದ್ದರೆ 31 ಮಿಲಿ. ಅಂದಾಜಿನಲ್ಲಿ ಸುರಿಯುವ ಕೆಲಸ ಅಲ್ಲ.

ನೂಲು ಮತ್ತು ರಸಮಟ್ಟ

ಬೈಪ್ಲೇನಿನ ನಿಜವಾದ ಪರೀಕ್ಷೆ ರೆಕ್ಕೆ ಕೂರಿಸುವಾಗ. ಕೆಳಗಿನ ರೆಕ್ಕೆ ಹೊಟ್ಟೆಗೆ ಸೇರುತ್ತದೆ, ಮೇಲಿನದ್ದು ಗಿಡ್ಡ ಕಂಬಗಳ ಮೇಲೆ ನಿಲ್ಲುತ್ತದೆ, ತುದಿಗಳಲ್ಲಿ ಎರಡನ್ನೂ ಇನ್ನೆರಡು ಕಂಬ ಜೋಡಿಸುತ್ತವೆ. ಗಾಳಿಗೆ ಎದುರಾಗಿ ರೆಕ್ಕೆ ಎಷ್ಟು ಓರೆ ನಿಂತಿದೆ ಎಂಬುದನ್ನು ಅಳೆಯಲಿಕ್ಕೆ ಒಂದು ಸಣ್ಣ ಉಪಕರಣ ಉಂಟು, ನಮ್ಮ ಮೇಸ್ತ್ರಿಗಳ ರಸಮಟ್ಟದ ತಮ್ಮನ ಹಾಗೆ. ಕಿಟ್‌ನ ಪುಸ್ತಕದಲ್ಲಿ ಹೇಳಿದ ಅಳತೆ ಬರಬೇಕು. ಅದಕ್ಕಿಂತ ಮುಖ್ಯ, ಎಡ ಬಲ ಒಂದೇ ಇರಬೇಕು. ಎಡದ್ದು ಬಲದ್ದಕ್ಕಿಂತ ಒಂದು ಡಿಗ್ರಿ ಹೆಚ್ಚು ಎದ್ದಿದ್ದರೂ ವಿಮಾನ ನೆಟ್ಟಗೆ ಹೋಗುವುದಿಲ್ಲ, ಒಂದು ಬದಿಗೆ ಉರುಳುತ್ತಲೇ ಇರುತ್ತದೆ.

ಇನ್ನೊಂದು ಪರೀಕ್ಷೆಗೆ ಬೇಕಾದ್ದು ಒಂದು ನೂಲು ಮಾತ್ರ. ಬಾಲದ ನಡುವಿನಿಂದ ಎಡ ರೆಕ್ಕೆಯ ತುದಿಗೆ ಹಿಡಿಯುವುದು, ಅದೇ ಉದ್ದವನ್ನು ಬಲಕ್ಕೆ ಹಿಡಿಯುವುದು. ಸಮ ಬಾರದಿದ್ದರೆ ರೆಕ್ಕೆ ಓರೆಯಾಗಿದೆ ಅಂತ ಅರ್ಥ. ಮನೆಯ ಪಾಯ ಮೂಲೆಗೆ ಸರಿ ಉಂಟಾ ಅಂತ ನೋಡುವುದೂ ಹೀಗೆಯೇ. ನಾವು ನೋಡಿದ ದಿನ ಅಳತೆಯಲ್ಲಿ ಐದು ಮಿಲಿಮೀಟರ್ ವ್ಯತ್ಯಾಸ ಬಂತು. ಹುಡುಗ ಏನೂ ಹೇಳಲಿಲ್ಲ, ಬೋಲ್ಟು ಬಿಚ್ಚಿದ, ಕಂಬದ ಕೆಳಗಿನ ವಾಷರ್ ಬದಲಿಸಿದ, ಮತ್ತೆ ನೂಲು ಹಿಡಿದ. ನಾಲ್ಕನೇ ಸಲಕ್ಕೆ ಸರಿ ಬಂತು.

ಪಟ್ಟಿಗಳನ್ನು ಆಡಿಸುವ ಸಣ್ಣ ಮೋಟಾರುಗಳಿಗೆ ಸರ್ವೊ ಎನ್ನುತ್ತಾರೆ. ಈ ಗಾತ್ರಕ್ಕೆ ಲೋಹದ ಹಲ್ಲುಚಕ್ರದ, 20 ಕಿಲೋ-ಸೆಂಟಿಮೀಟರಿಗೆ ಕಡಿಮೆಯಿಲ್ಲದ್ದು ಬೇಕು. ಅಂದರೆ ಒಂದು ಸೆಂಟಿಮೀಟರ್ ಉದ್ದದ ತೋಳಿನಲ್ಲಿ ಅದು 20 ಕಿಲೋ ಹಿಡಿದೀತು. ತೋಳು ನಾಲ್ಕು ಸೆಂಟಿಮೀಟರ್ ಆದರೆ ಐದೇ ಕಿಲೋ. ಕೆಲವು ಮಾಡೆಲ್‌ಗಳಲ್ಲಿ ನಾಲ್ಕು ರೆಕ್ಕೆಗೂ ನಾಲ್ಕು ಸರ್ವೊ, ಕೆಲವದರಲ್ಲಿ ಕೆಳಗಿನ ಪಟ್ಟಿಯೇ ಒಂದು ಸರಳಿನ ಮೂಲಕ ಮೇಲಿನದನ್ನು ಎಳೆಯುತ್ತದೆ. ಸರಳು ಒಂದಿಷ್ಟು ಗಿಡ್ಡವಾದರೂ ಮೇಲಿನದ್ದು ಬಾಗಿ ಕೆಳಗಿನದ್ದು ಎದ್ದು ಎರಡೂ ಜಗಳಕ್ಕೆ ನಿಲ್ಲುತ್ತವೆ.

ತೂಕದ ನಡು

ಎಲ್ಲ ಜೋಡಿಸಿದ ಮೇಲೆ, ಟ್ಯಾಂಕು ಖಾಲಿ ಇರುವಾಗ, ವಿಮಾನದ ತೂಕ ಎಲ್ಲಿ ಸಮನಾಗಿ ನಿಲ್ಲುತ್ತದೆ ಅಂತ ನೋಡಬೇಕು. ಮೇಲಿನ ರೆಕ್ಕೆಗೆ ಪಟ್ಟಿ ಹಾಕಿ ತೊಲೆಗೆ ತೂಗುಹಾಕಿದರೆ ಗೊತ್ತಾಗುತ್ತದೆ. ಪುಸ್ತಕ ಹೇಳಿದ ಜಾಗಕ್ಕಿಂತ ಮುಂದೆ ಬಂದರೆ ಮೂತಿ ಭಾರ, ವಿಮಾನ ಮಂದ; ಇಳಿಸುವಾಗ ಕಷ್ಟ, ಆದರೂ ಇಳಿಸಬಹುದು. ಹಿಂದೆ ಹೋದರೆ ಬಾಲ ಭಾರ. ಅಂಥದ್ದನ್ನು ಪಳಗಿದ ಕೈಗೂ ಹತೋಟಿಯಲ್ಲಿ ಇಡಲಿಕ್ಕೆ ಆಗುವುದಿಲ್ಲ. ಬ್ಯಾಟರಿಗಳನ್ನು ಮುಂದೆ ಹಿಂದೆ ಸರಿಸಿ ಇದನ್ನು ಸರಿಪಡಿಸುತ್ತಾರೆ, ಆದ್ದರಿಂದ ಬ್ಯಾಟರಿಯನ್ನು ಕೊನೆಗೆ ಕಟ್ಟುವುದು.

ರೇಡಿಯೋ 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ರಿಸೀವರಿಗೆ ಎರಡು ಬ್ಯಾಟರಿ, ಎರಡು ಸ್ವಿಚ್ಚು. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತ. ಇಂಜಿನಿನ ಇಗ್ನಿಷನ್ ಪೆಟ್ಟಿಗೆಯನ್ನು ರಿಸೀವರಿನಿಂದ ದೂರ ಇಡಬೇಕು, ಅದರ ಕಿಡಿ ರೇಡಿಯೋಗೆ ತೊಂದರೆ ಕೊಡಬಾರದು. ಕೊನೆಗೆ ಫೇಲ್‌ಸೇಫ್: ಸಿಗ್ನಲ್ ತಪ್ಪಿದ ಕೂಡಲೇ ಇಂಜಿನ್ ತಾನಾಗಿ ತಗ್ಗಬೇಕು, ಇಲ್ಲವೇ ನಿಲ್ಲಬೇಕು. ಇದನ್ನು ನೆಲದಲ್ಲೇ, ವಿಮಾನವನ್ನು ಕಟ್ಟಿಹಾಕಿ, ರಿಮೋಟ್ ಆಫ್ ಮಾಡಿ ನೋಡಬೇಕು. ಈ ಪರೀಕ್ಷೆ ಮಾಡದ ವಿಮಾನ ಮೈದಾನಕ್ಕೆ ಹೋಗಬಾರದು.

ಪ್ರತಿ ಹಾರಾಟಕ್ಕೂ ಮೊದಲು ವಿಮಾನದ ಹಿಂದೆ ನಿಂತು ದಿಕ್ಕು ನೋಡುವುದು ಇನ್ನೊಂದು ಕಡ್ಡಾಯ. ಕಡ್ಡಿಯನ್ನು ಬಲಕ್ಕೆ ಒತ್ತಿದರೆ ಬಲ ರೆಕ್ಕೆಯ ಪಟ್ಟಿ ಮೇಲೇಳಬೇಕು, ಎಡದ್ದು ಕೆಳಗಿಳಿಯಬೇಕು. ಉಲ್ಟಾ ಇದ್ದರೆ ನೆಲ ಬಿಟ್ಟ ಮೇಲೆ ಯೋಚಿಸಲಿಕ್ಕೆ ಪುರುಸೊತ್ತಿರುವುದಿಲ್ಲ.

ಲುಂಗಿ ಉಟ್ಟು ಹತ್ತಿರ ಹೋಗಬೇಡಿ

22 ಇಂಚಿನ ಪ್ರೊಪೆಲ್ಲರ್ ನಿಮಿಷಕ್ಕೆ 6500 ಸುತ್ತು ತಿರುಗಿದರೆ ಅದರ ತುದಿಯ ವೇಗ ಗಂಟೆಗೆ ಸುಮಾರು 680 ಕಿ.ಮೀ. ತಿರುಗುವಾಗ ಅದು ಕಣ್ಣಿಗೇ ಕಾಣುವುದಿಲ್ಲ, ಅಪಾಯ ಇರುವುದೂ ಅಲ್ಲೇ. ಲುಂಗಿ, ಉದ್ದ ತೋಳಿನ ಕುರ್ತಾ, ಕುತ್ತಿಗೆಯ ಶಾಲು, ಯಾವುದೂ ಹತ್ತಿರ ಬರಬಾರದು. ಸ್ಟಾರ್ಟ್ ಮಾಡುವಾಗ ಒಬ್ಬರು ಬಾಲವನ್ನು ಗಟ್ಟಿ ಹಿಡಿದಿರಬೇಕು. ಇಂಜಿನ್ ಓಡುವಾಗ ಸರಿಪಡಿಸುವ ಕೆಲಸ ಏನಿದ್ದರೂ ಹಿಂದಿನಿಂದ. ಪ್ರೊಪೆಲ್ಲರಿನ ಎದುರಾಗಲಿ ಪಕ್ಕದಲ್ಲಾಗಲಿ ಯಾರೂ ನಿಲ್ಲುವಂತಿಲ್ಲ.

ನಮ್ಮ ಊರುಗಳಲ್ಲಿ ಇನ್ನೊಂದು ಸಮಸ್ಯೆ ಉಂಟು. ವಿಮಾನ ಹಾರಿಸ್ತಾರಂತೆ ಅಂತ ಸುದ್ದಿ ಹೋದರೆ ಸಾಕು, ಮಕ್ಕಳೆಲ್ಲ ಮೈದಾನದಲ್ಲಿ. ಶಾಲೆಯ ಮೈದಾನ, ಗದ್ದೆಯ ಬದಿ, ಸಮುದ್ರ ದಂಡೆ ನೋಡಲಿಕ್ಕೆ ಖಾಲಿ ಕಾಣುತ್ತವೆ, ಹತ್ತೇ ನಿಮಿಷದಲ್ಲಿ ತುಂಬುತ್ತವೆ. ಒಂಬತ್ತು ಕಿಲೋದ ವಿಮಾನಕ್ಕೆ ಮನೆ, ರಸ್ತೆ, ವಿದ್ಯುತ್ ತಂತಿ ಇಲ್ಲದ ಜಾಗವೇ ಬೇಕು. ನೋಡುವವರೆಲ್ಲ ಹಾರಿಸುವವನ ಬೆನ್ನ ಹಿಂದೆ, ಗೆರೆ ಹಾಕಿ ನಿಲ್ಲಬೇಕು. ಗೆರೆ ದಾಟುವವರನ್ನು ತಡೆಯಲಿಕ್ಕೆ ಹಿರಿಯರೊಬ್ಬರು ಇಲ್ಲದಿದ್ದರೆ ಆ ದಿನ ಹಾರಿಸುವುದೇ ಬೇಡ.

ಬೈಪ್ಲೇನಿಗೆ ಗಾಳಿಯ ಎಳೆತ ಜಾಸ್ತಿ ಅಂದೆವಲ್ಲ, ಅದು ಇಳಿಯುವಾಗ ಗೊತ್ತಾಗುತ್ತದೆ. ಇಂಜಿನ್ ಪೂರಾ ತಗ್ಗಿಸಿದರೆ ತೇಲಿಕೊಂಡು ಬರುವುದಿಲ್ಲ, ಕುಸಿಯುತ್ತದೆ. ಸ್ವಲ್ಪ ಶಕ್ತಿ ಇಟ್ಟುಕೊಂಡೇ ನೆಲದ ತನಕ ತರಬೇಕು. ಆದ್ದರಿಂದ ಮೊದಲ ವಿಮಾನವಾಗಿ ಇದನ್ನು ಕೊಳ್ಳುವುದು ಸರಿಯಲ್ಲ. ಕಂಪ್ಯೂಟರಿನ ಸಿಮ್ಯುಲೇಟರ್, ಆಮೇಲೆ ಹಗುರದ ಫೋಮ್ ವಿಮಾನ, ಅದರಲ್ಲಿ ಕೈ ಕೂತ ಮೇಲೆ ಇದು.

ಕಾನೂನು ಏನು ಹೇಳುತ್ತದೆ

ನಮ್ಮ ದೇಶದಲ್ಲಿ 2021ರ ಡ್ರೋನ್ ನಿಯಮಗಳು ಇಂಥ ಮಾಡೆಲ್‌ಗಳಿಗೂ ಅನ್ವಯ. 25 ಕಿಲೋ ಮೀರದ, ಕಲಿಕೆಗೋ ಹವ್ಯಾಸಕ್ಕೋ ಕಣ್ಣಳತೆಯಲ್ಲೇ ಹಾರಿಸುವ ಮಾಡೆಲಿಗೆ ಟೈಪ್ ಸರ್ಟಿಫಿಕೇಟ್ ಬೇಡ. ಆದರೆ ಪೈಲಟ್ ಸರ್ಟಿಫಿಕೇಟಿನ ವಿನಾಯ್ತಿ ಹವ್ಯಾಸಿಗಳಿಗೆ ಇರುವುದು 2 ಕಿಲೋ ತನಕ ಮಾತ್ರ. 250 ಗ್ರಾಂ ದಾಟಿದರೆ ಥರ್ಡ್ ಪಾರ್ಟಿ ವಿಮೆಯೂ ಬೇಕು. ಹಸಿರು ವಲಯದಲ್ಲಿ 400 ಅಡಿ ತನಕ ಹಾರಿಸಬಹುದು. ವಿಮಾನ ನಿಲ್ದಾಣದ ಆವರಣದಿಂದ 8ರಿಂದ 12 ಕಿ.ಮೀ. ನಡುವೆ ಅನುಮತಿ ಇಲ್ಲದೆ 200 ಅಡಿ ದಾಟುವಂತಿಲ್ಲ, ಇನ್ನೂ ಹತ್ತಿರವಾದರೆ ಹಸಿರು ವಲಯವೇ ಇಲ್ಲ. ಬಜ್ಪೆ, ಗುರುಪುರ ಕಡೆಯವರು ಇದನ್ನು ನೆನಪಿಡಬೇಕು. ಡಿಜಿಟಲ್ ಸ್ಕೈ ಪೋರ್ಟಲಿನ ನಕ್ಷೆಯಲ್ಲಿ ನಿಮ್ಮ ಜಾಗ ಯಾವ ಬಣ್ಣದಲ್ಲಿದೆ ಅಂತ ನೋಡಿದ ಮೇಲೆಯೇ ಮುಂದಿನ ಮಾತು.

ಗಲ್ಫ್‌ನಿಂದ ತರುವವರಿಗೆ ಒಂದು ಮಾತು. ಕೇಂದ್ರ ಸರಕಾರ 2022ರ ಫೆಬ್ರವರಿಯಲ್ಲಿ ವಿದೇಶಿ ಡ್ರೋನ್‌ಗಳ ಆಮದು ನಿಷೇಧಿಸಿದೆ; ಪೂರ್ತಿ ಜೋಡಿಸಿದ್ದಕ್ಕೂ ಬಿಡಿಯಾಗಿ ಬರುವ ಕಿಟ್‌ಗೂ ಅದು ಅನ್ವಯ. ಮಾಡೆಲ್ ವಿಮಾನ ಅಂತ ನಾವು ಹೇಳಿದರೂ ಕಸ್ಟಮ್ಸ್‌ನವರ ಕಣ್ಣಿಗೆ ಅದು ಏನಾಗಿ ಕಂಡೀತು ಎಂಬುದರ ಮೇಲೆ ಸಾಮಾನಿನ ಗತಿ. ವರ್ಷದ ಉಳಿತಾಯ ವಿಮಾನ ನಿಲ್ದಾಣದಲ್ಲಿ ಬಿಟ್ಟು ಬರುವುದಕ್ಕಿಂತ ಮೊದಲೇ ಲಿಖಿತವಾಗಿ ಕೇಳುವುದು ಒಳ್ಳೆಯದು. ಬಿಡಿ ಲಿಥಿಯಂ ಬ್ಯಾಟರಿ ಲಗೇಜಿನಲ್ಲಿ ಹಾಕುವಂತಿಲ್ಲ, ಕೈಚೀಲದಲ್ಲೇ ಇರಬೇಕು. ಅಲ್ಲಿ ಹಾರಿಸುವವರೂ ಎಚ್ಚರ: ಯುಎಇ 2022ರ ಜನವರಿಯಲ್ಲಿ ಹವ್ಯಾಸಿಗಳ ಹಾರಾಟ ನಿಲ್ಲಿಸಿತ್ತು. ಕೆಲಸದ ವೀಸಾದಲ್ಲಿರುವವರು ಅಲ್ಲಿನ ಇವತ್ತಿನ ನಿಯಮ ಏನು ಅಂತ ತಿಳಿಯದೆ ಮರುಭೂಮಿಗೂ ಒಯ್ಯಬಾರದು.

ಮನೆಯವರು ಕೇಳಬೇಕಾದ್ದು

ಇಷ್ಟೆಲ್ಲ ಕೇಳಿ "ಇದೇನು ದುಂದು" ಅನ್ನುವವರು ಇದ್ದಾರೆ. ದುಡ್ಡಿನ ಮಟ್ಟಿಗೆ ಅವರ ಮಾತು ಸುಳ್ಳಲ್ಲ, ಸಾಲ ಮಾಡಿ ತರುವ ಸಾಮಾನು ಇದಲ್ಲ. ಆದರೆ ಐದು ಮಿಲಿಮೀಟರಿಗಾಗಿ ನಾಲ್ಕು ಸಲ ಬೋಲ್ಟು ಬಿಚ್ಚಿದ ಹುಡುಗನ ಕೈ, ನಾಳೆ ಯಾರದ್ದೋ ಮನೆಯ ಎಸಿ ಕೂರಿಸುವಾಗಲೂ ಹಾಗೆಯೇ ಅಳತೆ ನೋಡೀತು. ಮೊಬೈಲಿನಲ್ಲಿ ಬೆರಳಾಡಿಸುತ್ತಾ ರಾತ್ರಿ ಕಳೆಯುವುದಕ್ಕೂ ಇದಕ್ಕೂ ಅಂತರ ಉಂಟು.

ಹಾಗಾಗಿ ಬೇಡ ಅನ್ನುವ ಮೊದಲು, ದುಡ್ಡು ಕಳಿಸುವ ಮೊದಲು, ಮೂರು ಪ್ರಶ್ನೆ ಕೇಳಿ. ಸಣ್ಣ ವಿಮಾನ ಹಾರಿಸಿ ಕೈ ಪಳಗಿದೆಯಾ? ಕಾಗದಪತ್ರ ಸರಿ ಇರುವ, ಜನ ಇಲ್ಲದ ಜಾಗ ಗೊತ್ತುಂಟಾ? ಸಿಗ್ನಲ್ ತಪ್ಪಿದರೆ ಇಂಜಿನ್ ನಿಲ್ಲುತ್ತದೆ ಅಂತ ನಮ್ಮ ಕಣ್ಣೆದುರು ತೋರಿಸ್ತೀಯಾ? ಮೂರಕ್ಕೂ ಹೌದು ಅಂದರೆ ಜಗಲಿಯಲ್ಲಿ ಒಂದಷ್ಟು ಜಾಗ ಮಾಡಿ ಕೊಡಿ, ನೂಲಿನ ಇನ್ನೊಂದು ತುದಿಯನ್ನು ನೀವೇ ಹಿಡಿಯಿರಿ.